ಸೀಟು ಜಾಸ್ತಿ ಮಾಡಿದರೆ ಸಾಲದು, ಮೊದಲ ಸೆಮಿಸ್ಟರ್ ಸರಿಹೋಗಬೇಕು

ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸಿಗೆ ಸೇರಿದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಅದನ್ನು ದಾಟುವುದಿಲ್ಲ. ಕೆಲವರು ಫೇಲಾಗುತ್ತಾರೆ. ಕೆಲವರು ಪರೀಕ್ಷೆಗೆ ಮುಂಚೆಯೇ ಬಿಟ್ಟು ಹೋಗುತ್ತಾರೆ. ಇದು ಯಾವುದೋ ಒಂದು ಕಾಲೇಜಿನ ಕಥೆಯಲ್ಲ. 2007ರಲ್ಲಿ ಡೆನ್ಮಾರ್ಕಿನ ಬೆನೆಡ್ಸನ್ ಮತ್ತು ಕ್ಯಾಸ್ಪರ್ಸನ್ ಎಂಬ ಇಬ್ಬರು ಸಂಶೋಧಕರು ಹಲವು ದೇಶಗಳ ವಿಶ್ವವಿದ್ಯಾಲಯಗಳಿಂದ ಲೆಕ್ಕ ತರಿಸಿಕೊಂಡು ನೋಡಿದರು. ಪಾಸಾದವರು ಶೇ 67. 2014ರಲ್ಲಿ ಇಂಗ್ಲೆಂಡಿನ ವಾಟ್ಸನ್ ಮತ್ತು ಲೀ 15 ದೇಶಗಳ 161 ಕೋರ್ಸುಗಳನ್ನು ಬೇರೆಯೇ ರೀತಿಯಲ್ಲಿ ಒಟ್ಟುಮಾಡಿ ನೋಡಿದರು. ಬಂದದ್ದು ಶೇ 67.7. 2019ರಲ್ಲಿ ಮೊದಲಿನ ಇಬ್ಬರೇ ಮತ್ತೆ ಎಣಿಸಿದಾಗ ಸ್ವಲ್ಪ ಸುಧಾರಿಸಿತ್ತು, ಫೇಲಾದವರು ಶೇ 28.

ಈ ಅಂಕಿಗಳನ್ನು ನೋಡಿ ಗಾಬರಿ ಬೀಳಬೇಕಾಗಿಲ್ಲ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಮೊದಲ ವರ್ಷದ ಪಾಠಗಳಲ್ಲೂ ಬಹಳಷ್ಟು ಮಕ್ಕಳು ಎಡವುತ್ತಾರೆ. ಆದರೆ ಒಂದು ಮಾತು ಯೋಚಿಸಿ. ಎಲ್ಲ ಕಡೆ ವಿಶ್ವವಿದ್ಯಾಲಯಗಳು ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸುತ್ತಿವೆ. ಹೊಸ ಕಟ್ಟಡ, ಹೊಸ ಲ್ಯಾಬ್, ಎಐ ಹೆಸರಿನ ಹೊಸ ಕೋರ್ಸು ಅಂತ ಘೋಷಣೆಗಳು ಬರುತ್ತಲೇ ಇವೆ. ಇವೆಲ್ಲದರಲ್ಲಿ ಎಷ್ಟು ಜನ ಒಳಗೆ ಬರುತ್ತಾರೆ ಅನ್ನುವುದನ್ನು ಮಾತ್ರ ದೊಡ್ಡದಾಗಿ ಹೇಳುತ್ತಾರೆ. ಮೊದಲ ಆರು ತಿಂಗಳಲ್ಲಿ ಎಷ್ಟು ಜನ ಹಿಂದಿನ ಬಾಗಿಲಿಂದ ಹೊರಗೆ ಹೋಗುತ್ತಾರೆ, ಅವರು ಯಾರು, ಯಾಕೆ ಹೋದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಸ್ಟೆಮ್ ಶಿಕ್ಷಣ, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಶಿಕ್ಷಣ, ಬೆಳೆಯುತ್ತಿದೆಯೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಅಲ್ಲೇ, ಆ ಮೊದಲ ಕೋರ್ಸಿನಲ್ಲಿ.

ಸ್ವಲ್ಪ ಹಿಂದೆ ಹೋಗೋಣ, ಯಾಕಂದ್ರೆ ಇದು ತೀರಾ ಎಳೆಯ ವಿಷಯ. ಕಂಪ್ಯೂಟಿಂಗ್ ಕಲಿಸುವ ಮೊದಲ ಡಿಪ್ಲೊಮಾ ಕೋರ್ಸು ಕೇಂಬ್ರಿಜ್‌ನಲ್ಲಿ ಶುರುವಾದದ್ದು 1953ರಲ್ಲಿ. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸಿಗೆ ಅಂತಲೇ ಮೊದಲ ಡಿಪಾರ್ಟ್‌ಮೆಂಟ್ ಮಾಡಿದ್ದು ಪರ್ಡ್ಯೂ ವಿಶ್ವವಿದ್ಯಾಲಯ, 1962ರಲ್ಲಿ. ಗಣಿತಕ್ಕೆ ಸಾವಿರಾರು ವರ್ಷದ ಪಾಠದ ಪರಂಪರೆ ಇದೆ. ಇದಕ್ಕೆ ಎಪ್ಪತ್ತು ವರ್ಷ ಚಿಲ್ಲರೆ. ಒಂದು ಲೂಪ್ ಅನ್ನು, ಅಂದರೆ ಒಂದೇ ಕೆಲಸವನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಮಾಡಿಸುವ ಸಾಲುಗಳನ್ನು, ಹೇಗೆ ಕಲಿಸಬೇಕು ಅನ್ನುವುದರಲ್ಲೇ ಇನ್ನೂ ಒಮ್ಮತ ಇಲ್ಲ. ಆದರೂ ಆ ಹೊತ್ತಿನಲ್ಲೇ ಕೆಲವರಿಗೆ ದೂರದೃಷ್ಟಿ ಇತ್ತು. ಪ್ರೋಗ್ರಾಮಿಂಗ್ ಎಂಜಿನಿಯರುಗಳಿಗೆ ಮಾತ್ರ ಅಲ್ಲ, ಕಾಲೇಜಿಗೆ ಬರುವ ಎಲ್ಲರಿಗೂ ಬೇಕು ಅಂತ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಆಲನ್ ಪರ್ಲಿಸ್ 1961ರಲ್ಲೇ ವಾದಿಸಿದ್ದರು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಗಣಿತದ ಮೇಷ್ಟ್ರುಗಳಾದ ಕೆಮೆನಿ ಮತ್ತು ಕುರ್ಟ್ಜ್ ಬೇಸಿಕ್ ಭಾಷೆಯನ್ನು ಮಾಡಿದ್ದು ಅದೇ ಕಾರಣಕ್ಕೆ. ಸಾಹಿತ್ಯ, ಇತಿಹಾಸ ಓದುವ ಹುಡುಗರೂ ಒಂದೆರಡು ಗಂಟೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು ಓಡಿಸುವಂತಾಗಬೇಕು ಅಂತ. ಒಂದು ಕಂಪ್ಯೂಟರನ್ನು ಅನೇಕರು ಒಟ್ಟಿಗೆ ಬಳಸುವ ವ್ಯವಸ್ಥೆಯನ್ನೂ ಜೊತೆಗೇ ಕಟ್ಟಿದರು. ಬರುವವರನ್ನು ಸೋಸುವ ಯೋಚನೆ ಅವರಿಗೆ ಇರಲಿಲ್ಲ, ಒಳಗೆ ಕರೆದುಕೊಳ್ಳುವ ಯೋಚನೆ ಇತ್ತು.

ಆಮೇಲೆ ಏನಾಯಿತು ಅನ್ನುವುದನ್ನು ಅಮೆರಿಕದ ಅಂಕಿಗಳಲ್ಲಿ ಚೆನ್ನಾಗಿ ನೋಡಬಹುದು, ಅಲ್ಲಿ ವರ್ಷವರ್ಷದ ಲೆಕ್ಕ ಸಿಗುತ್ತದೆ. 1980ರ ದಶಕದಲ್ಲಿ ಕಂಪ್ಯೂಟರ್ ಪದವಿಗೆ ಜನ ಮುಗಿಬಿದ್ದರು. 1986ರ ಹೊತ್ತಿಗೆ ವರ್ಷಕ್ಕೆ ಸುಮಾರು 42 ಸಾವಿರ ಪದವಿ. ಅಷ್ಟು ಜನಕ್ಕೆ ಪಾಠ ಮಾಡಲು ಮೇಷ್ಟ್ರುಗಳು ಇರಲಿಲ್ಲ. ವಿಶ್ವವಿದ್ಯಾಲಯಗಳು ಮಾಡಿದ್ದು ಸುಲಭದ ಕೆಲಸ, ಬಾಗಿಲು ಹಾಕಿದವು. ಇಂತಿಷ್ಟು ಅಂಕ ಇದ್ದರೆ ಮಾತ್ರ ಮುಂದಿನ ಕೋರ್ಸು ಅಂತ ನಿಯಮ ಬಂತು. ಮೊದಲ ಕೋರ್ಸು ಕಲಿಸುವ ಜಾಗ ಹೋಗಿ ಜರಡಿ ಹಿಡಿಯುವ ಜಾಗ ಆಯಿತು. 1990ರ ದಶಕದ ನಡುವಿಗೆ ಪದವಿಗಳು 25 ಸಾವಿರದ ಆಸುಪಾಸಿಗೆ ಇಳಿದವು. ಆಮೇಲೆ ಇಂಟರ್ನೆಟ್ ಕಂಪನಿಗಳು ಸಾಲುಸಾಲಾಗಿ ಹುಟ್ಟಿದ ಡಾಟ್‌ಕಾಂ ಉಬ್ಬರ, 2003–04ರಲ್ಲಿ 59 ಸಾವಿರದಷ್ಟು. ಮತ್ತೆ ಇಳಿತ, 2008–09ರಲ್ಲಿ 38 ಸಾವಿರ. ಮತ್ತೆ ಏರಿಕೆ, 2020–21ರಲ್ಲಿ ಒಂದು ಲಕ್ಷ ದಾಟಿತು. ಉದ್ಯೋಗದ ಗಾಳಿ ಬೀಸಿದ ಕಡೆಗೆ ಮಕ್ಕಳು ಹೋಗುವುದು ಸಹಜ, ಅದಕ್ಕೆ ಅವರನ್ನು ದೂರುವಂತಿಲ್ಲ. ಆದರೆ ಪ್ರತಿ ಉಬ್ಬರದಲ್ಲೂ ವಿಶ್ವವಿದ್ಯಾಲಯಗಳು ಅದೇ ತಪ್ಪನ್ನು ಮಾಡಿದವು. ಬಂದವರೆಲ್ಲರಿಗೂ ಹೇಗೆ ಕಲಿಸುವುದು ಅಂತ ಕೇಳಿಕೊಳ್ಳಬೇಕಿತ್ತು, ಯಾರನ್ನು ಕಳಿಸುವುದು ಅಂತ ಕೇಳಿಕೊಂಡವು.

ಯಾರು ಹೊರಗೆ ಹೋದರು ಗೊತ್ತಾ? 1984ರಲ್ಲಿ ಅಮೆರಿಕದ ಕಂಪ್ಯೂಟರ್ ಪದವಿಗಳಲ್ಲಿ ಶೇ 37ರಷ್ಟು ಹೆಣ್ಣುಮಕ್ಕಳದ್ದು. ಅದು ಅಲ್ಲಿಂದ ಇಳಿಯುತ್ತಾ ಹೋಗಿ 2010ರ ಹೊತ್ತಿಗೆ ಶೇ 18ಕ್ಕೆ ಬಂದು ನಿಂತಿತು. ಅದೇ ವರ್ಷಗಳಲ್ಲಿ ವೈದ್ಯಕೀಯ, ಕಾನೂನು, ಜೀವಶಾಸ್ತ್ರ ಎಲ್ಲದರಲ್ಲೂ ಹೆಣ್ಣುಮಕ್ಕಳು ಹೆಚ್ಚುತ್ತಿದ್ದರು, ಇದರಲ್ಲಿ ಮಾತ್ರ ಅರ್ಧಕ್ಕೆ ಇಳಿದರು. ಆಗ ಮನೆಗೆ ಕಂಪ್ಯೂಟರ್ ಬರತೊಡಗಿದ ಕಾಲ. ಅದು ಹೆಚ್ಚಾಗಿ ಹೋಗಿ ಕೂತದ್ದು ಮಗನ ಕೋಣೆಯಲ್ಲಿ. ಕಾಲೇಜಿಗೆ ಬರುವ ಹೊತ್ತಿಗೆ ಹುಡುಗರಿಗೆ ನಾಲ್ಕೈದು ವರ್ಷದ ಆಟ ಗೊತ್ತಿತ್ತು, ಹುಡುಗಿಯರಿಗೆ ಇರಲಿಲ್ಲ. ಮೇಷ್ಟ್ರುಗಳು ಗೊತ್ತಿದ್ದವರ ವೇಗಕ್ಕೆ ಪಾಠ ಮಾಡಿದರು. ಅಂಕದ ಜರಡಿ ಆಗಲೇ ಕಲಿತು ಬಂದವರನ್ನು ಉಳಿಸಿಕೊಂಡಿತು. ಹಾಗೆ ನೋಡಿದರೆ ಅದು ಅಳೆದದ್ದು ಬುದ್ಧಿಯನ್ನಲ್ಲ, ಮನೆಯಲ್ಲಿ ಕಂಪ್ಯೂಟರ್ ಯಾರ ಕೈಗೆ ಸಿಕ್ಕಿತ್ತು ಅನ್ನುವುದನ್ನು.

ಇದನ್ನು ತಿದ್ದಬಹುದು ಅಂತ ತೋರಿಸಿದವರೂ ಇದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸಿಗೆ ಸೇರಿದ ಹೆಣ್ಣುಮಕ್ಕಳು ಶೇ 7. 2000ನೇ ಇಸವಿಗೆ ಶೇ 42. ಐದೇ ವರ್ಷ. ಜೇನ್ ಮಾರ್ಗೊಲಿಸ್ ಮತ್ತು ಆಲನ್ ಫಿಶರ್ ಎಂಬಿಬ್ಬರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ವರ್ಷಗಟ್ಟಲೆ ಮಾತಾಡಿಸಿದರು, ಯಾಕೆ ಬಂದಿರಿ, ಯಾಕೆ ಬಿಡಬೇಕು ಅನ್ನಿಸುತ್ತಿದೆ ಅಂತ. ಆಮೇಲೆ ಪ್ರವೇಶಕ್ಕೆ ಮೊದಲೇ ಕೋಡ್ ಬರೆದ ಅನುಭವ ಬೇಕು ಅನ್ನುವ ಒತ್ತನ್ನು ತೆಗೆದರು. ಅನುಭವ ಇದ್ದವರಿಗೆ ಒಂದು ದಾರಿ, ಇಲ್ಲದವರಿಗೆ ಇನ್ನೊಂದು ದಾರಿ ಮಾಡಿದರು, ಎರಡೂ ಮುಂದೆ ಹೋಗಿ ಒಂದೇ ಕಡೆ ಸೇರುತ್ತಿದ್ದವು.

ನನಗೆ ಇದಕ್ಕಿಂತಲೂ ಜಾಸ್ತಿ ಇಷ್ಟವಾಗುವುದು ಹಾರ್ವಿ ಮಡ್ ಕಾಲೇಜಿನ ಕೆಲಸ. ಪುಟ್ಟ ಕಾಲೇಜು. 2006ರಲ್ಲಿ ಮರಿಯಾ ಕ್ಲಾವೆ ಅಲ್ಲಿಗೆ ಅಧ್ಯಕ್ಷೆಯಾಗಿ ಬಂದಾಗ ಕಂಪ್ಯೂಟರ್ ಸೈನ್ಸಿನಲ್ಲಿ ಹೆಣ್ಣುಮಕ್ಕಳು ಶೇ 10ರ ಆಸುಪಾಸು. ಕೆಲವೇ ವರ್ಷಗಳಲ್ಲಿ ಅದು ಶೇ 40 ಆಯಿತು, 2016ರಲ್ಲಿ ಪದವಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು. ಅವರು ಮಾಡಿದ್ದು ಏನು? ಮೊದಲ ಕೋರ್ಸಿನ ಭಾಷೆಯನ್ನು ಜಾವಾದಿಂದ ಪೈಥಾನ್‌ಗೆ ಬದಲಿಸಿದರು. ಅನುಭವ ಇಲ್ಲದವರಿಗೇ ಬೇರೆ ವಿಭಾಗ ಮಾಡಿದರು, ಅದಕ್ಕೆ ಚಿನ್ನದ ಬಣ್ಣದ ಹೆಸರು ಇಟ್ಟರು, ಅನುಭವಸ್ಥರದ್ದಕ್ಕೆ ಕಪ್ಪು ಬಣ್ಣದ ಹೆಸರು. ಮೊದಲ ವರ್ಷವೇ ಹೆಣ್ಣುಮಕ್ಕಳನ್ನು ಕಂಪ್ಯೂಟಿಂಗ್‌ನಲ್ಲಿರುವ ಹೆಣ್ಣುಮಕ್ಕಳು ಸೇರುವ, ಗ್ರೇಸ್ ಹಾಪರ್ ಹೆಸರಿನ ಸಮ್ಮೇಳನಕ್ಕೆ ಕರೆದುಕೊಂಡು ಹೋದರು. ಇನ್ನೊಂದು ಸಣ್ಣ ಕೆಲಸ ಇದೆ, ಅದನ್ನು ಬಿಡಿಸಿ ಹೇಳಬೇಕು. ಪ್ರತಿ ಕ್ಲಾಸಿನಲ್ಲೂ ಒಬ್ಬ ಇರುತ್ತಾನೆ ಅಲ್ವಾ, ಎಲ್ಲ ಪ್ರಶ್ನೆಗೂ ಉತ್ತರ ಕೊಡುವವನು, ಸಿಲಬಸ್‌ನಲ್ಲೇ ಇಲ್ಲದ ಪದ ಹಾಕಿ ಪ್ರಶ್ನೆ ಕೇಳುವವನು. ಉಳಿದವರು ಅವನನ್ನು ನೋಡಿ, ಎಲ್ಲರಿಗೂ ಇಷ್ಟು ಗೊತ್ತಿದೆ, ನನಗೆ ಮಾತ್ರ ಗೊತ್ತಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಹಾರ್ವಿ ಮಡ್‌ನಲ್ಲಿ ಮೇಷ್ಟ್ರು ಅಂಥವನನ್ನು ಬೇರೆ ಕರೆದು ಮಾತಾಡುತ್ತಿದ್ದರು. ನಿನ್ನ ಜೊತೆ ಮಾತಾಡೋದು ನನಗೆ ಇಷ್ಟ, ಆದರೆ ಇದನ್ನು ಕ್ಲಾಸಿನಲ್ಲಿ ಬೇಡ, ನನ್ನ ರೂಮಿಗೆ ಬಾ ಅನ್ನುವ ಧಾಟಿಯಲ್ಲಿ. ಬೈಯುವುದಿಲ್ಲ, ಅವಮಾನ ಮಾಡುವುದಿಲ್ಲ. ಕ್ಲಾಸಿನ ಗಾಳಿಯೇ ಬದಲಾಗುತ್ತದೆ. ಇದಕ್ಕೆ ಕಟ್ಟಡವೂ ಬೇಡ, ಬಜೆಟ್ಟೂ ಬೇಡ.

ಇಲ್ಲಿ ಒಂದು ಹಳೆಯ ನಂಬಿಕೆ ಅಡ್ಡ ಬರುತ್ತದೆ. ಕೋಡಿಂಗ್ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ಉಳಿದವರಿಗೆ ಎಷ್ಟು ಹೇಳಿದರೂ ಬರುವುದಿಲ್ಲ ಅಂತ. ಈ ಮಾತನ್ನು ಒಳ್ಳೆಯ ಮೇಷ್ಟ್ರುಗಳ ಬಾಯಲ್ಲೂ ಕೇಳಿದ್ದೇನೆ. ನಮ್ಮ ಕ್ಲಾಸಿನ ಅಂಕ ನೋಡಿ, ಮೇಲೆ ಒಂದು ಗುಂಪು, ಕೆಳಗೆ ಒಂದು ಗುಂಪು, ನಡುವೆ ಖಾಲಿ ಅನ್ನುತ್ತಾರೆ. 2016ರಲ್ಲಿ ಎಲಿಜಬೆತ್ ಪಟಿಟ್ಸಸ್ ಮತ್ತು ಸಂಗಡಿಗರು ಇದನ್ನು ಸುಮ್ನೆ ಮಾತಿನಲ್ಲಿ ಬಿಡದೆ ಪರೀಕ್ಷಿಸಿದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಾಸುಗಳ 778 ಫಲಿತಾಂಶಗಳನ್ನು ತೆಗೆದು ನೋಡಿದರೆ, ಹಾಗೆ ಒಡೆದ ಅಂಕಗಳು ಇದ್ದದ್ದು ಶೇ 6ಕ್ಕಿಂತ ಕಡಿಮೆ ಕ್ಲಾಸುಗಳಲ್ಲಿ. ಜೊತೆಗೆ ಮೇಷ್ಟ್ರುಗಳಿಗೆ ಕೆಲವು ಗ್ರಾಫ್‌ಗಳನ್ನು ತೋರಿಸಿ ಏನು ಕಾಣುತ್ತದೆ ಅಂತ ಕೇಳಿದರು. ಹುಟ್ಟು ಪ್ರತಿಭೆಯನ್ನು ನಂಬುವವರಿಗೆ, ಎರಡು ಗುಂಪು ಇಲ್ಲದ ಕಡೆಯೂ ಎರಡು ಗುಂಪು ಕಾಣುವುದು ಜಾಸ್ತಿ. ನಂಬಿದ್ದೇ ಕಣ್ಣಿಗೆ ಕಾಣುತ್ತದೆ. ಇವನಿಗೆ ಇದು ಹತ್ತುವುದಿಲ್ಲ ಅಂತ ಮೂರನೇ ವಾರಕ್ಕೇ ನಿರ್ಧರಿಸಿದ ಮೇಷ್ಟ್ರು ನಾಲ್ಕನೇ ವಾರದಿಂದ ಅವನಿಗೆ ಪಾಠ ಮಾಡುವುದನ್ನೇ ನಿಲ್ಲಿಸಿರುತ್ತಾರೆ.

ಹಾಗಾದರೆ ಕೆಲವರು ಯಾಕೆ ಅಷ್ಟು ಬೇಗ ಹಿಂದೆ ಬೀಳುತ್ತಾರೆ? ನ್ಯೂಜಿಲೆಂಡಿನ ಆಂಥೊನಿ ರಾಬಿನ್ಸ್ 2010ರಲ್ಲಿ ಕೊಟ್ಟ ವಿವರಣೆ ನನಗೆ ಸರಿ ಅನ್ನಿಸುತ್ತದೆ. ಪ್ರೋಗ್ರಾಮಿಂಗ್‌ನಲ್ಲಿ ಪ್ರತಿ ಪಾಠವೂ ಹಿಂದಿನ ಪಾಠದ ಮೇಲೆ ಕೂತಿರುತ್ತದೆ. ಇತಿಹಾಸದಲ್ಲಿ ಒಂದು ಅಧ್ಯಾಯ ತಪ್ಪಿದರೆ ಮುಂದಿನದ್ದನ್ನು ಓದಿಕೊಳ್ಳಬಹುದು. ಇಲ್ಲಿ ವೇರಿಯಬಲ್, ಅಂದರೆ ಒಂದು ಬೆಲೆಯನ್ನು ಇಟ್ಟುಕೊಳ್ಳುವ ಹೆಸರಿನ ಡಬ್ಬಿ, ಅರ್ಥವಾಗದಿದ್ದರೆ ಲೂಪ್ ಅರ್ಥವಾಗುವುದಿಲ್ಲ, ಲೂಪ್ ಗೊತ್ತಾಗದಿದ್ದರೆ ಬೆಲೆಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಯಾದ ಅರೇ ಕೈಗೆ ಸಿಗುವುದಿಲ್ಲ. ಮೊದಲ ವಾರದ ಸಣ್ಣ ಎಡವಟ್ಟು ಎಂಟನೇ ವಾರಕ್ಕೆ ಗುಡ್ಡ ಆಗಿರುತ್ತದೆ. ಅದೇ ರೀತಿ ಮೊದಲ ವಾರ ಚೆನ್ನಾಗಿ ಹಿಡಿದವನಿಗೆ ಎಲ್ಲವೂ ಸಲೀಸು. ಬುದ್ಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲದಿದ್ದರೂ ಕೊನೆಗೆ ಅಂತರ ದೊಡ್ಡದು.

ಆ ಮೊದಲ ಎಡವಟ್ಟು ಎಷ್ಟು ಚಿಕ್ಕದಾಗಿರುತ್ತದೆ ಅಂದರೆ, ಕಲಿತವರಿಗೆ ಅದು ಕಾಣುವುದೇ ಇಲ್ಲ. ಎಕ್ಸ್ = ಎಕ್ಸ್ + 1 ಅನ್ನುವ ಸಾಲು ತೆಗೆದುಕೊಳ್ಳಿ. ಹನ್ನೆರಡು ವರ್ಷ ಗಣಿತ ಓದಿ ಬಂದ ಹುಡುಗಿಗೆ ಇದು ಹಸಿ ಸುಳ್ಳು. ಯಾವ ಸಂಖ್ಯೆಯೂ ತನಗಿಂತ ಒಂದು ಜಾಸ್ತಿ ಇರಲು ಸಾಧ್ಯವಿಲ್ಲ ಅಲ್ವಾ? ಈ = ಗುರುತು ಇಲ್ಲಿ ಸಮ ಅನ್ನುವ ಅರ್ಥ ಕೊಡುವುದಿಲ್ಲ, ಬಲಗಡೆಯ ಲೆಕ್ಕ ಮಾಡಿ ಬಂದದ್ದನ್ನು ಎಡಗಡೆಯ ಹೆಸರಿನಲ್ಲಿ ಇಡು ಅಂತ ಹೇಳುತ್ತದೆ. ಇದನ್ನು ಯಾರಾದರೂ ನಿಧಾನವಾಗಿ, ಎರಡು ಸಲ, ಬೋರ್ಡಿನ ಮೇಲೆ ಡಬ್ಬಿ ಬರೆದು ತೋರಿಸಿದರೆ ಹತ್ತು ನಿಮಿಷದ ಮಾತು. ತೋರಿಸದಿದ್ದರೆ ಗಣಿತದಲ್ಲಿ ಗಟ್ಟಿ ಇದ್ದವಳೇ ಮೊದಲು ಗಲಿಬಿಲಿಗೊಳ್ಳುತ್ತಾಳೆ. ಇನ್ನೊಂದು ಗೊಂದಲ, ಕಂಪ್ಯೂಟರಿಗೆ ನನ್ನ ಮನಸ್ಸಿನಲ್ಲಿರುವುದು ಗೊತ್ತಾಗುತ್ತದೆ ಅನ್ನುವ ಭಾವನೆ. ಒಂದು ವೇರಿಯಬಲ್‌ಗೆ ದೊಡ್ಡದು ಅಂತ ಹೆಸರಿಟ್ಟರೆ ಅದು ತಾನಾಗಿಯೇ ದೊಡ್ಡ ಸಂಖ್ಯೆಯನ್ನು ಹುಡುಕಿಕೊಳ್ಳುತ್ತದೆ ಅಂತ ಹೊಸಬರು ನಿಜವಾಗಿಯೂ ನಂಬುತ್ತಾರೆ. ಮನುಷ್ಯರ ಜೊತೆ ಮಾತಾಡಿ ಅಭ್ಯಾಸ ಇರುವವರಿಗೆ ಅದು ತೀರಾ ಸಹಜವಾದ ನಂಬಿಕೆ. ಇಂಥ ಹತ್ತಿಪ್ಪತ್ತು ಗೊಂದಲಗಳನ್ನು ಮೊದಲೇ ತಿಳಿದಿರುವುದು, ಪಾಠದಲ್ಲಿ ಅವುಗಳಿಗೆ ಜಾಗ ಇಡುವುದು, ಇದೇ ಒಳ್ಳೆಯ ಮೇಷ್ಟ್ರ ಕಸುಬು.

ಕಲಿಸುವ ಕ್ರಮದ ಬಗ್ಗೆ ಸಾಕಷ್ಟು ಪುರಾವೆ ಇದೆ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಸ್ಟೆಮ್ ಪಾಠಗಳ ಬಗ್ಗೆ ಆಗಿದ್ದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳುವ ಕ್ಲಾಸಿನಲ್ಲಿ ಫೇಲಾಗುವವರು ಸುಮಾರು ಶೇ 34. ವಿದ್ಯಾರ್ಥಿಗಳು ತಾವೇ ಏನಾದರೂ ಮಾಡುವ ಕ್ಲಾಸಿನಲ್ಲಿ ಸುಮಾರು ಶೇ 22. ಕಂಪ್ಯೂಟರ್ ಕ್ಲಾಸುಗಳಲ್ಲೂ ಇದು ನಿಜ ಅಂತ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ತೋರಿಸಿದರು. ನಾಲ್ಕು ಕೋರ್ಸುಗಳಲ್ಲಿ ಫೇಲಾಗುವವರು ಸರಾಸರಿ ಶೇ 20ರಿಂದ ಶೇ 7ಕ್ಕೆ ಇಳಿದರು. ಅವರು ಬಳಸಿದ ಕ್ರಮ ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಶುರುಮಾಡಿದ್ದು. ಮೇಷ್ಟ್ರು ಒಂದು ಪ್ರಶ್ನೆ ಹಾಕುತ್ತಾರೆ, ಈ ಕೋಡ್ ಓಡಿದರೆ ಏನು ಬರುತ್ತದೆ ಅಂತ. ಎಲ್ಲರೂ ಒಬ್ಬೊಬ್ಬರೇ ಉತ್ತರ ಒತ್ತುತ್ತಾರೆ. ಸರಿ ಉತ್ತರ ಯಾವುದು ಅಂತ ಹೇಳುವುದಿಲ್ಲ. ಪಕ್ಕದವರ ಜೊತೆ ಎರಡು ನಿಮಿಷ ಜಗಳ ಆಡಿ, ಒಪ್ಪಿಸಿ ನೋಡಿ ಅನ್ನುತ್ತಾರೆ. ಆಮೇಲೆ ಮತ್ತೆ ಉತ್ತರ. ನಿನ್ನೆ ತಾನೇ ಅರ್ಥಮಾಡಿಕೊಂಡವನು ಇವತ್ತು ಅರ್ಥವಾಗದವನಿಗೆ ಹೇಳುವ ಮಾತು, ಮೂವತ್ತು ವರ್ಷದ ಹಿಂದೆ ಕಲಿತವರ ಮಾತಿಗಿಂತ ಬೇಗ ತಲೆಗೆ ಹೋಗುತ್ತದೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಕೊನೆಗೆ ಗಣಿತ ಕಲಿಸುತ್ತಿದ್ದ ಯೂರಿ ಟ್ರೈಸ್‌ಮನ್ ಕಂಡದ್ದೂ ಇದನ್ನೇ. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ಫೇಲಾಗುತ್ತಿದ್ದರು, ಚೀನಿ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಎಲ್ಲರೂ ಹೇಳಿದ್ದು ಕಪ್ಪು ವಿದ್ಯಾರ್ಥಿಗಳಿಗೆ ತಯಾರಿ ಸಾಲದು, ಆಸೆ ಸಾಲದು ಅಂತ. ಟ್ರೈಸ್‌ಮನ್ ಎರಡೂ ಗುಂಪಿನ ಜೊತೆಗೇ ಓಡಾಡಿ ನೋಡಿದರು. ಎರಡೂ ಗುಂಪಿನವರು ಕಷ್ಟಪಟ್ಟು ಓದುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಕೋಣೆಯಲ್ಲಿ ಒಂಟಿಯಾಗಿ, ಚೀನಿ ಮೂಲದವರು ಗುಂಪಾಗಿ ಲೆಕ್ಕ ಮಾಡಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತೋರಿಸಿಕೊಂಡು. ವ್ಯತ್ಯಾಸ ಅಷ್ಟೇ. ಅವರು ಗುಂಪಾಗಿ ಕಠಿಣ ಲೆಕ್ಕ ಬಿಡಿಸುವ ಕಾರ್ಯಾಗಾರ ಶುರುಮಾಡಿದರು. ಹಿಂದೆ ಬಿದ್ದವರಿಗೆ ಸುಲಭದ ಪಾಠ ಅಂತ ಅದಕ್ಕೆ ಹೆಸರಿಡಲಿಲ್ಲ, ಕಠಿಣವಾದದ್ದನ್ನೇ ಕೊಟ್ಟರು. ಫಲಿತಾಂಶ ತಿರುಗಿತು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಎಲ್ಲ ಕಡೆ ಹೀಗೆ ಮಾಡುತ್ತಿಲ್ಲ? ಕಲಿಸುವ ಜನ ಇಲ್ಲ, ಅದೇ ದೊಡ್ಡ ಕಾರಣ. ಅಮೆರಿಕ ಮತ್ತು ಕೆನಡಾದಲ್ಲಿ ಎಐ ವಿಷಯದಲ್ಲಿ ಪಿಎಚ್‌ಡಿ ಮುಗಿಸಿದವರಲ್ಲಿ 2011ರಲ್ಲಿ ಕಂಪನಿಗಳಿಗೆ ಹೋದವರು ಶೇ 41ರಷ್ಟು, ವಿಶ್ವವಿದ್ಯಾಲಯಗಳಿಗೆ ಹೋದವರೂ ಹೆಚ್ಚುಕಡಿಮೆ ಅಷ್ಟೇ. 2022ರ ಹೊತ್ತಿಗೆ ಕಂಪನಿಗಳಿಗೆ ಹೋಗುವವರು ಶೇ 70 ದಾಟಿದ್ದರು. 2015ರಲ್ಲಿ ಊಬರ್ ಕಾರ್ನೆಗಿ ಮೆಲನ್‌ನ ರೋಬಾಟಿಕ್ಸ್ ಕೇಂದ್ರದಿಂದ ಸುಮಾರು 40 ಜನರನ್ನು ಒಂದೇ ಏಟಿಗೆ ಕರೆದುಕೊಂಡು ಹೋಯಿತು. ಸಂಬಳದಲ್ಲಿ ಪೈಪೋಟಿ ಮಾಡಿ ವಿಶ್ವವಿದ್ಯಾಲಯ ಗೆಲ್ಲುವುದಿಲ್ಲ. ಹೀಗೆ ಸೀಟು ಏರುತ್ತದೆ, ಮೇಷ್ಟ್ರು ಏರುವುದಿಲ್ಲ. ಇರುವ ಹಿರಿಯರು ಮೇಲಿನ ಕ್ಲಾಸುಗಳನ್ನು ಇಟ್ಟುಕೊಳ್ಳುತ್ತಾರೆ, ಮೊದಲ ವರ್ಷದ ಪಾಠ ಹೊಸದಾಗಿ ಸೇರಿದವರಿಗೋ, ಈ ವರ್ಷ ಇದ್ದು ಮುಂದಿನ ವರ್ಷ ಇಲ್ಲದ ತಾತ್ಕಾಲಿಕ ಮೇಷ್ಟ್ರಿಗೋ ಹೋಗುತ್ತದೆ. ನನಗೆ ಇದು ಪೂರ್ತಿ ತಲೆಕೆಳಗಾಗಿ ಕಾಣುತ್ತದೆ. ನಾಲ್ಕನೇ ವರ್ಷದ ವಿದ್ಯಾರ್ಥಿಗೆ ಸಾಧಾರಣ ಮೇಷ್ಟ್ರು ಸಿಕ್ಕರೂ ನಡೆಯುತ್ತದೆ, ಅವನು ತಾನೇ ಓದಿಕೊಳ್ಳುತ್ತಾನೆ. ಮೊದಲ ತಿಂಗಳಿನವನಿಗೆ ನಡೆಯುವುದಿಲ್ಲ.

ಇದಕ್ಕೆ ಹಾದಿ ಇಲ್ಲದೇ ಇಲ್ಲ. ಸ್ಟ್ಯಾನ್‌ಫೋರ್ಡ್ 1988ರಿಂದ ಪದವಿ ವಿದ್ಯಾರ್ಥಿಗಳನ್ನೇ ತಯಾರು ಮಾಡಿ, ಸಂಬಳ ಕೊಟ್ಟು, ಮೊದಲ ಕೋರ್ಸಿನ ಸಣ್ಣ ಸಣ್ಣ ಗುಂಪುಗಳಿಗೆ ಕಲಿಸಲು ಇಡುತ್ತಿದೆ. ದೊಡ್ಡ ಉಪನ್ಯಾಸ ಒಬ್ಬರದ್ದು, ಆದರೆ ವಾರಕ್ಕೊಮ್ಮೆ ಹತ್ತಾರು ಜನರ ಗುಂಪಿನಲ್ಲಿ ಒಬ್ಬ ಸೀನಿಯರ್ ಜೊತೆ ಕೂತು ಮಾತಾಡುವ ಅವಕಾಶ ಎಲ್ಲರಿಗೂ ಇರುತ್ತದೆ. ಸೀನಿಯರ್‌ಗೂ ಲಾಭ, ಕಲಿಸಿದಾಗಲೇ ಅಲ್ವಾ ನಮಗೆ ಏನು ಗೊತ್ತಿಲ್ಲ ಅಂತ ಗೊತ್ತಾಗುವುದು. ಕಲಿಸುವುದೇ ಮುಖ್ಯ ಕೆಲಸವಾದ ಕಾಯಂ ಹುದ್ದೆಗಳನ್ನು ಹಲವು ಕಡೆ ಮಾಡಿದ್ದಾರೆ, ಸಂಶೋಧನಾ ಪ್ರಬಂಧದ ಲೆಕ್ಕ ಕೇಳದ ಹುದ್ದೆಗಳು. ಇವು ಎರಡನೇ ದರ್ಜೆಯ ಹುದ್ದೆ ಅನ್ನಿಸಿಕೊಳ್ಳದಂತೆ ಬಡ್ತಿ, ಗೌರವ ಎರಡೂ ಸಿಗಬೇಕು. ಇಲ್ಲದಿದ್ದರೆ ಅವರೂ ಎರಡು ವರ್ಷಕ್ಕೆ ಹೊರಟುಹೋಗುತ್ತಾರೆ.

ಆನ್‌ಲೈನ್‌ನಲ್ಲಿ ಕಲಿಸಿದರೆ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯ 2014ರಲ್ಲಿ ಕಂಪ್ಯೂಟರ್ ಸೈನ್ಸಿನ ಸ್ನಾತಕೋತ್ತರ ಪದವಿಯನ್ನು ಪೂರ್ತಿ ಆನ್‌ಲೈನ್ ಮಾಡಿತು. ಇಡೀ ಪದವಿಗೆ ಸುಮಾರು 7 ಸಾವಿರ ಡಾಲರ್ ಶುಲ್ಕ, ಕ್ಯಾಂಪಸ್ಸಿನದ್ದಕ್ಕೆ ಹೋಲಿಸಿದರೆ ತುಂಬಾ ಕಡಿಮೆ. ಅದು ಗೆದ್ದಿತು, ಇವತ್ತು ಹತ್ತು ಸಾವಿರಕ್ಕೂ ಹೆಚ್ಚು ಜನ ಓದುತ್ತಿದ್ದಾರೆ. ಅದಕ್ಕಿಂತ ಒಂದು ವರ್ಷ ಮೊದಲು, 2013ರಲ್ಲಿ, ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯ ಆರಂಭದ ಹಂತದ ಗಣಿತವನ್ನು ಆನ್‌ಲೈನ್‌ನಲ್ಲಿ ಕಲಿಸಲು ಹೋಯಿತು. ತರಗತಿಯಲ್ಲಿ ಕಲಿತವರಿಗಿಂತ ಪಾಸಾದವರು ಕಡಿಮೆ, ಕೆಲವೇ ತಿಂಗಳಲ್ಲಿ ಪ್ರಯೋಗಕ್ಕೆ ತಡೆ ಬಿತ್ತು. ಎರಡೂ ಕಡೆ ಜೊತೆಗಿದ್ದ ಆನ್‌ಲೈನ್ ಪಾಠದ ಕಂಪನಿ ಒಂದೇ, ಯುಡಾಸಿಟಿ. ಬೇರೆಯಾಗಿದ್ದು ವಿದ್ಯಾರ್ಥಿಗಳು. ಒಂದು ಕಡೆ ಪದವಿ ಮುಗಿಸಿ ಕೆಲಸದಲ್ಲಿರುವ, ತಾನೇ ಓದಿಕೊಳ್ಳಬಲ್ಲ ಜನ. ಇನ್ನೊಂದು ಕಡೆ ಈಗಷ್ಟೇ ಕಾಲಿಡುತ್ತಿರುವ, ಕೈಹಿಡಿಯಲು ಯಾರಾದರೂ ಬೇಕಾದ ಮಕ್ಕಳು. ಮೇಲಿನ ಹಂತವನ್ನು ಆನ್‌ಲೈನ್‌ಗೆ ಕಳಿಸಿ, ಅಲ್ಲಿ ಉಳಿದ ಮೇಷ್ಟ್ರನ್ನು ಮೊದಲ ವರ್ಷಕ್ಕೆ ತನ್ನಿ. ಎಷ್ಟೋ ಕಡೆ ಮಾಡುತ್ತಿರುವುದು ಇದರ ಉಲ್ಟಾ.

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳದ್ದಾಯಿತು, ಬೇರೆ ವಿಷಯ ಓದುವವರ ಕಥೆ ಏನು? ಪರ್ಲಿಸ್ ಹೇಳಿದ್ದನ್ನು ಜಾರ್ಜಿಯಾ ಟೆಕ್ 1999ರಲ್ಲಿ ಜಾರಿಗೆ ತಂದಿತು, ಯಾವ ವಿಷಯ ಓದಿದರೂ ಒಂದು ಕಂಪ್ಯೂಟಿಂಗ್ ಕೋರ್ಸು ಕಡ್ಡಾಯ ಅಂತ. ಆರ್ಕಿಟೆಕ್ಚರ್, ಮ್ಯಾನೇಜ್‌ಮೆಂಟ್, ಕಲಾ ವಿಭಾಗದವರಲ್ಲಿ ಅದನ್ನು ಸರಿಯಾಗಿ ಮುಗಿಸಿದವರು ಅರ್ಧಕ್ಕಿಂತ ಕಡಿಮೆ. ಅವರಿಗೆ ತಲೆ ಇಲ್ಲ ಅಂತ ಸುಮ್ಮನಾಗಬಹುದಿತ್ತು. ಅಲ್ಲಿನ ಮೇಷ್ಟ್ರು ಮಾರ್ಕ್ ಗಜ್‌ಡಿಯಲ್ ಹಾಗೆ ಅಂದುಕೊಳ್ಳಲಿಲ್ಲ. 2003ರಲ್ಲಿ ಅವರು ಬೇರೆ ಕೋರ್ಸು ಮಾಡಿದರು. ಲೂಪ್ ಕಲಿಸಲು ಸಂಖ್ಯೆಗಳನ್ನು ಕೂಡಿಸುವ ಬದಲು ಫೋಟೊ ಕೊಟ್ಟರು. ಒಂದೊಂದು ಚುಕ್ಕೆಯ ಬಣ್ಣವನ್ನೂ ಉಲ್ಟಾ ಮಾಡು, ನೆಗೆಟಿವ್ ಬಂತು, ಅದೇ ಲೂಪ್. ಧ್ವನಿಯನ್ನು ಹಿಂದುಮುಂದು ಮಾಡು, ಅದೇ ಅರೇ. ಪಾಸಾದವರು ಶೇ 85ರ ಆಸುಪಾಸಿಗೆ ಏರಿದರು. ಅದೇ ವಿದ್ಯಾರ್ಥಿಗಳು, ಅದೇ ಪರಿಕಲ್ಪನೆಗಳು. ಇದು ನನ್ನ ಬದುಕಿಗೆ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಮೊದಲ ದಿನವೇ ಉತ್ತರ ಸಿಕ್ಕಿತ್ತು, ಅಷ್ಟೇ.

ಇಲಿನಾಯ್ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಿಎಸ್ ಪ್ಲಸ್ ಎಕ್ಸ್ ಅನ್ನುವ ಪದವಿಗಳನ್ನು ಮಾಡಿತು. ಕಂಪ್ಯೂಟರ್ ಸೈನ್ಸ್ ಜೊತೆ ಭಾಷಾಶಾಸ್ತ್ರ, ಮಾನವಶಾಸ್ತ್ರ, ಖಗೋಳಶಾಸ್ತ್ರ, ರಸಾಯನಶಾಸ್ತ್ರ. ಆಮೇಲೆ ಸಂಗೀತವೂ ಬೆಳೆ ವಿಜ್ಞಾನವೂ ಸೇರಿದವು. ಎಂಐಟಿ 2018ರಲ್ಲಿ ಶತಕೋಟಿ ಡಾಲರ್‌ನ ಹೊಸ ಕಂಪ್ಯೂಟಿಂಗ್ ಕಾಲೇಜು ಘೋಷಿಸಿದಾಗ 50 ಹೊಸ ಮೇಷ್ಟ್ರ ಹುದ್ದೆಗಳಲ್ಲಿ ಅರ್ಧವನ್ನು ಬೇರೆ ವಿಭಾಗಗಳ ಜೊತೆ ಹಂಚಿಕೊಳ್ಳುವುದಾಗಿ ಹೇಳಿತು. ಶತಕೋಟಿಯ ಸುದ್ದಿಗಿಂತ ಆ 25 ಹುದ್ದೆಗಳ ಹಂಚಿಕೆ ನನಗೆ ಮುಖ್ಯ ಅನ್ನಿಸುತ್ತದೆ.

ಯಾಕೆ ಅಂದರೆ, ಈ ಕಂಪ್ಯೂಟರ್ ಉಬ್ಬರದಲ್ಲಿ ಸ್ಟೆಮ್ ಅನ್ನುವ ಪದದ ಉಳಿದ ಅಕ್ಷರಗಳು ಸೊರಗುವ ಅಪಾಯ ಇದೆ. ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ ಹಣದ ಕೊರತೆ ಅಂತ 28 ಪದವಿ ಕಾರ್ಯಕ್ರಮಗಳನ್ನು ಮುಚ್ಚಲು ನಿರ್ಧರಿಸಿತು. ಅದರಲ್ಲಿ ಗಣಿತದ ಪಿಎಚ್‌ಡಿಯೂ ಇತ್ತು. ಗಣಿತದ ಡಿಪಾರ್ಟ್‌ಮೆಂಟ್ ಸೊರಗಿದರೆ ಕಂಪ್ಯೂಟರ್ ವಿದ್ಯಾರ್ಥಿಗೆ ಲೀನಿಯರ್ ಆಲ್ಜೀಬ್ರಾ ಯಾರು ಕಲಿಸುತ್ತಾರೆ? ಇವತ್ತಿನ ಎಐ ಪೂರ್ತಿ ನಿಂತಿರುವುದು ಮ್ಯಾಟ್ರಿಕ್ಸ್, ಸಂಭವನೀಯತೆ, ಕ್ಯಾಲ್ಕುಲಸ್ ಮೇಲೆ. ಬೇಡಿಕೆ ಇರುವ ಕೋರ್ಸನ್ನು ಬೆಳೆಸಲು ಅದರ ಬೇರಿಗೆ ಕೊಡಲಿ ಹಾಕುವುದು ಯಾವ ಲೆಕ್ಕ?

ಈಗ ಎಐ ವಿಷಯಕ್ಕೆ ಬರಲೇಬೇಕು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೆ ಕೆಲವು ತಿಂಗಳ ಮುಂಚೆಯೇ ಆಕ್ಲೆಂಡ್ ವಿಶ್ವವಿದ್ಯಾಲಯದ ಮೇಷ್ಟ್ರುಗಳು ತಮ್ಮ ಮೊದಲ ಕೋರ್ಸಿನ ಪ್ರಶ್ನೆಗಳನ್ನು ಕೋಡೆಕ್ಸ್ ಎಂಬ ಎಐಗೆ ಕೊಟ್ಟು ನೋಡಿದ್ದರು. 71 ವಿದ್ಯಾರ್ಥಿಗಳ ಕ್ಲಾಸಿನಲ್ಲಿ ಅದಕ್ಕೆ 17ನೇ ಸ್ಥಾನ ಸಿಗುತ್ತಿತ್ತು. ಈಗಿನವು ಅದಕ್ಕಿಂತ ಎಷ್ಟೋ ಮುಂದೆ. ಹಾಗಾಗಿ ಮನೆಗೆ ಕೊಟ್ಟ ಅಸೈನ್‌ಮೆಂಟ್ ನೋಡಿ ಅಂಕ ಹಾಕುವ ಕಾಲ ಮುಗಿಯಿತು. ಆದರೆ ಎಐ ಕೋಡ್ ಬರೆಯುತ್ತದೆ, ಇನ್ನು ಯಾರೂ ಕಲಿಯಬೇಕಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ಪ್ರೇದರ್ ಮತ್ತು ಸಂಗಡಿಗರು ಹೊಸದಾಗಿ ಕಲಿಯುವ 21 ಜನರು ಎಐ ಜೊತೆ ಕೂತು ಕೋಡ್ ಬರೆಯುವುದನ್ನು ಹತ್ತಿರದಿಂದ ಗಮನಿಸಿದರು. ಆಗಲೇ ಗಟ್ಟಿ ಇದ್ದವರು ಅದನ್ನು ಬಳಸಿ ಇನ್ನೂ ವೇಗ ಪಡೆದರು. ಒದ್ದಾಡುತ್ತಿದ್ದವರು ಲೆಕ್ಕ ಮುಗಿಸಿದರು, ಆದರೆ ಅರ್ಥಮಾಡಿಕೊಂಡಿರಲಿಲ್ಲ. ಅರ್ಥವಾಗಿದೆ ಅಂತ ಮಾತ್ರ ಅಂದುಕೊಂಡಿದ್ದರು. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮನೆ ಕಟ್ಟುವಂತಿಲ್ಲ. ಆದರೂ ಹಿಂದೆ ಹೇಳಿದ ಆ ಅಂತರ, ಮೊದಲ ವಾರದಿಂದ ಬೆಳೆಯುವ ಅಂತರ, ಎಐ ಬಂದ ಮೇಲೆ ಇನ್ನೂ ಅಗಲವಾಗಬಹುದು. ಮೊದಲಾದರೆ ಎರರ್ ಬಂದು ನಿನಗೆ ಅರ್ಥವಾಗಿಲ್ಲ ಅಂತ ಹೇಳುತ್ತಿತ್ತು. ಈಗ ಅದೂ ಹೇಳುವುದಿಲ್ಲ.

ಇದಕ್ಕೆ ಉತ್ತರ ಹುಡುಕುತ್ತಿರುವವರು ಇದ್ದಾರೆ. ಸ್ಯಾನ್ ಡಿಯಾಗೊದಲ್ಲಿ 2023ರಲ್ಲಿ ಮೊದಲ ಕೋರ್ಸನ್ನೇ ಕೋಪೈಲಟ್ ಎಂಬ, ಕೋಡ್ ಬರೆದುಕೊಡುವ ಎಐ ಇಟ್ಟುಕೊಂಡು ಕಲಿಸಿದರು. ಸೆಮಿಕೋಲನ್ ಎಲ್ಲಿ ಹಾಕಬೇಕು ಅನ್ನುವುದಕ್ಕಿಂತ, ದೊಡ್ಡ ಸಮಸ್ಯೆಯನ್ನು ತುಂಡು ಮಾಡುವುದು, ಎಐ ಕೊಟ್ಟ ಕೋಡನ್ನು ಓದುವುದು, ಅದು ಸರಿ ಇದೆಯಾ ಅಂತ ಪರೀಕ್ಷಿಸುವುದಕ್ಕೆ ಒತ್ತು. ಹಾರ್ವರ್ಡಿನ ಮೊದಲ ಕೋರ್ಸಿನವರು ಅದೇ ವರ್ಷ ತಮ್ಮದೇ ಎಐ ಸಹಾಯಕನನ್ನು ಮಾಡಿದರು, ಬಾತುಕೋಳಿಯ ರೂಪದಲ್ಲಿ. ಅದು ಉತ್ತರ ಕೊಡುವುದಿಲ್ಲ, ಉತ್ತರದ ಕಡೆಗೆ ದಾರಿ ತೋರಿಸುವ ಪ್ರಶ್ನೆ ಕೇಳುತ್ತದೆ. ಇದರ ಜೊತೆಗೆ ನನಗೆ ಇನ್ನೊಂದು ಬೇಕು ಅನ್ನಿಸುತ್ತದೆ. ಪ್ರತಿ ವಿದ್ಯಾರ್ಥಿಯೂ ತಿಂಗಳಿಗೊಮ್ಮೆಯಾದರೂ ಒಬ್ಬ ಮನುಷ್ಯನ ಎದುರು ಕೂತು, ತಾನು ಕೊಟ್ಟ ಕೋಡಿನ ಒಂದು ಸಾಲನ್ನು ತೋರಿಸಿ, ಇದನ್ನು ತೆಗೆದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಬೇಕು. ಐದು ನಿಮಿಷ ಸಾಕು. ಆದರೆ 500 ಜನರ ಕ್ಲಾಸಿನಲ್ಲಿ ಅದು 40 ಗಂಟೆಗೂ ಮೀರಿದ ಕೆಲಸ, ಒಬ್ಬ ಮೇಷ್ಟ್ರಿಂದ ಆಗುವುದಿಲ್ಲ. ಮತ್ತೆ ಬಂದು ನಿಲ್ಲುವುದು ಅದೇ ಜಾಗಕ್ಕೆ, ಮೊದಲ ಸೆಮಿಸ್ಟರಿಗೆ ಎಷ್ಟು ಜನರನ್ನು ಕೊಡುತ್ತೀರಿ ಅನ್ನುವಲ್ಲಿಗೆ.

ಹಾಗಾಗಿ ಮುಂದಿನ ಸಲ ಯಾವುದೇ ವಿಶ್ವವಿದ್ಯಾಲಯ ಇಷ್ಟು ಸೀಟು ಹೆಚ್ಚಿಸಿದ್ದೇವೆ ಅಂದಾಗ ಪೋಷಕರು, ವಿದ್ಯಾರ್ಥಿಗಳು, ಹಣ ಕೊಡುವವರು ಎಲ್ಲರೂ ಕೇಳಬೇಕಾದದ್ದು ಇದೆ. ಕಳೆದ ವರ್ಷ ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸಿಗೆ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು? ಅದನ್ನು ಕಲಿಸಿದವರು ಯಾರು, ಅವರು ಮುಂದಿನ ವರ್ಷವೂ ಇರುತ್ತಾರಾ? ಒಂದು ಗುಂಪಿನಲ್ಲಿ ಎಷ್ಟು ಜನ? ಕಾಲೇಜಿಗೆ ಬರುವ ಮುಂಚೆ ಒಂದು ಸಾಲೂ ಕೋಡ್ ಬರೆಯದವರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ಬಂದರು? ಮೊದಲಿನ ಮೂರಕ್ಕೆ ಉತ್ತರ ಪ್ರತಿ ವಿಶ್ವವಿದ್ಯಾಲಯದ ಕಡತದಲ್ಲೂ ಆಗಲೇ ಇದೆ. ಕೊನೆಯದಕ್ಕೆ ಉತ್ತರ ಬೇಕಾದರೆ, ಕ್ಲಾಸಿನ ಮೊದಲ ದಿನ ಒಂದು ಚೀಟಿಯಲ್ಲಿ ಒಂದೇ ಪ್ರಶ್ನೆ ಕೇಳಿ ಬರೆಸಿಕೊಂಡರೆ ಸಾಕು.